ಸಂಗನಕಲ್ಲಿನ ಕಲ್ಗೊಡಲಿಗಳಿಂದ ನವಶಿಲಾಯುಗದ ಹರಡುವಿಕೆಯನ್ನು ಎಷ್ಟರಮಟ್ಟಿಗೆ ಓದಬಹುದು?

ಹಗರಿ ತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಪಠ್ಯಪುಸ್ತಕಗಳಲ್ಲಿಯೂ ಪತ್ರಿಕಾ ಲೇಖನಗಳಲ್ಲಿಯೂ ನವಶಿಲಾಯುಗವನ್ನು ವಿವರಿಸುವ ಕ್ರಮ ಹೆಚ್ಚುಕಡಿಮೆ ಒಂದೇ ಬಗೆಯದು. ಬೇಸಾಯ, ಪಶುಪಾಲನೆ, ಮಡಕೆ, ನಯಗೊಳಿಸಿದ ಕಲ್ಲಿನ ಕೊಡಲಿ ಈ ನಾಲ್ಕೂ ಒಟ್ಟಿಗೇ ಹುಟ್ಟಿ, ಒಟ್ಟಿಗೇ ಪ್ರಯಾಣ ಮಾಡಿ, ಒಂದು ಶುಭದಿನ ಒಟ್ಟಿಗೇ ನಮ್ಮ ನಾಡಿಗೆ ಬಂದು ತಲುಪಿದವು ಎಂಬಂತೆ ಬರೆಯಲಾಗುತ್ತದೆ. ಎಲ್ಲಿಯಾದರೂ ಒಂದು ನಯವಾದ ಕೊಡಲಿ ಸಿಕ್ಕರೆ ಸಾಕು, ಅಲ್ಲಿಗೆ ರೈತರು ಬಂದು ನೆಲೆಸಿದ್ದರು ಎಂಬ ತೀರ್ಮಾನ ಹೊರಬೀಳುತ್ತದೆ. ಈ ತೀರ್ಮಾನ ಎಷ್ಟು ಗಟ್ಟಿಯಾದದ್ದು ಎಂಬುದನ್ನು ಚರ್ಚಿಸಲು ಈ ಎಳೆಯನ್ನು ಆರಂಭಿಸುತ್ತಿದ್ದೇನೆ. ಚರ್ಚೆ ಗಾಳಿಯಲ್ಲಿ ತೇಲದಿರಲೆಂದು ಒಂದು ನಿರ್ದಿಷ್ಟ ತಾಣವನ್ನು ಮುಂದಿಡುತ್ತೇನೆ: ಬಳ್ಳಾರಿ ನಗರದ ಹತ್ತಿರವೇ ಇರುವ ಸಂಗನಕಲ್ಲು–ಕುಪಗಲ್ಲು ಬೆಟ್ಟಗಳು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿ ಸೀಮೆಯ ಶಿಲೆಗಳನ್ನು ಸಮೀಕ್ಷಿಸುವಾಗ ಕುಪಗಲ್ಲಿನ ಬೆಟ್ಟದ ಮೇಲೆ ಕೊಡಲಿ ತಯಾರಿಕೆಯ ದೊಡ್ಡ ತಾಣವೊಂದನ್ನು ಗುರುತಿಸಿದರು. ಊರಿನವರು ಅದನ್ನು ಹಿರೇಗುಡ್ಡ ಎನ್ನುತ್ತಾರೆ. ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಹೋಗಿರುವ ಡಾಲರೈಟ್ ಗೋಡೆಯೊಂದು ಅಲ್ಲಿದ್ದು, ಅದರ ಆಸುಪಾಸಿನಲ್ಲಿ ಒಡೆದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಸುತ್ತಿಗೆಯಾಗಿ ಬಳಸಿದ ಗುಂಡುಕಲ್ಲುಗಳು ಹರಡಿಕೊಂಡಿವೆ. ಬೆಂಡಪೂಡಿ ಸುಬ್ಬರಾವ್ ಅವರು 1940ರ ದಶಕದಲ್ಲಿ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ 1948ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. 1960ರ ದಶಕದಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್, ಬಳಿಕ ಧಾರವಾಡದ ರವಿ ಕೋರಿಶೆಟ್ಟರ್ ಅವರು ನಿಕೋಲ್ ಬೋಯಿವಿನ್, ಡೋರಿಯನ್ ಫುಲ್ಲರ್ ಮುಂತಾದವರ ಜೊತೆಗೂಡಿ ಅದೇ ಬೆಟ್ಟಗಳಲ್ಲಿ ಕೆಲಸ ಮಾಡಿದ್ದಾರೆ.

ನನ್ನ ವಾದ ಇಷ್ಟು. ಪೂರ್ಣಗೊಂಡ ಕೊಡಲಿ ಹರಡುವಿಕೆಯ ಬಗ್ಗೆ ಬಹಳ ಕಡಿಮೆ ಹೇಳುತ್ತದೆ, ಏಕೆಂದರೆ ಅದು ಕೈಯಿಂದ ಕೈಗೆ ದಾಟಬಲ್ಲ ವಸ್ತು. ಅದನ್ನು ಮಾಡುವಾಗ ಉದುರಿದ ಚಕ್ಕೆಗಳು, ಕೆಟ್ಟುಹೋದ ತುಂಡುಗಳು, ಉಜ್ಜಿದ ಬಂಡೆಗಳು ಮಾತ್ರ ಮಾಡಿದ ಸ್ಥಳದಲ್ಲಿಯೇ ಉಳಿಯುತ್ತವೆ. ಆದ್ದರಿಂದ ಯಾರು ಎಲ್ಲಿಂದ ಬಂದರು ಎಂದು ಕೇಳುವ ಮೊದಲು ಯಾವ ಕೆಲಸ ಎಲ್ಲಿ ನಡೆಯಿತು, ಯಾರಿಂದ ಯಾರು ಕಲಿತರು ಎಂದು ಕೇಳಬೇಕು.

ಕಪ್ಪುಶಿಲೆ:

ಹಗರಿ ತೀರ ಅವರೇ, ಒಳ್ಳೆಯ ಎಳೆ. ಶಿಲೆಯ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಬಳ್ಳಾರಿಯ ಬೆಟ್ಟಗಳು ಗ್ರಾನೈಟಿನವು. ಗ್ರಾನೈಟಿನ ಕಣಗಳು ದೊಡ್ಡವು. ಹೊಡೆದರೆ ಕಣಕಣವಾಗಿ ಉದುರುತ್ತದೆಯೇ ಹೊರತು ಬೇಕಾದ ಕಡೆ ಚಕ್ಕೆ ಏಳುವುದಿಲ್ಲ. ಅದರೊಳಗೆ ಶಿಲಾರಸ ನುಗ್ಗಿ ಗಟ್ಟಿಯಾದ ಡಾಲರೈಟ್ ಬೇರೆಯೇ ಸ್ವಭಾವದ್ದು. ಕಣ ಸಣ್ಣದು, ಬಣ್ಣ ಕಪ್ಪು, ತೂಕ ಹೆಚ್ಚು (ಗ್ರಾನೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ ಆದರೆ ಡಾಲರೈಟಿನದು 3ರ ಹತ್ತಿರ), ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪೆಟ್ಟು ತಾಳುವ ಗುಣವಿದೆ. ಚರ್ಟ್ ಎಂಬ ನುಣುಪಾದ ಗಟ್ಟಿ ಕಲ್ಲು ಅದಕ್ಕಿಂತ ಹರಿತವಾದ ಅಂಚು ಕೊಡುತ್ತದೆ ನಿಜ, ಆದರೆ ಮರಕ್ಕೆ ನಾಲ್ಕು ಏಟು ಹಾಕುವಷ್ಟರಲ್ಲಿ ಅಂಚು ಮುರಿದು ಬೀಳುತ್ತದೆ. ಹೀಗಾಗಿ ಕೊಡಲಿಗೆ ಡಾಲರೈಟ್, ಕೊಯ್ಯುವ ಕೆಲಸಕ್ಕೆ ಚರ್ಟ್ ಮತ್ತು ಬೆಣಚುಕಲ್ಲು ಎಂಬ ಹಂಚಿಕೆ ದಕ್ಷಿಣದ ನವಶಿಲಾಯುಗದ ಊರುಗಳಲ್ಲೆಲ್ಲ ಕಾಣುತ್ತದೆ.

ಅರ್ಧಕ್ಕೆ ಬಿಟ್ಟ ಕೊಡಲಿಯೊಂದನ್ನು ಹತ್ತಿರದಿಂದ ನೋಡಿದವರಿಗೆ ತಯಾರಿಕೆಯ ಹಂತಗಳು ಒಂದೇ ಕಲ್ಲಿನ ಮೇಲೆ ಕಾಣಸಿಗುತ್ತವೆ. ಮೊದಲು ಎರಡೂ ಮುಖಗಳಿಂದ ದೊಡ್ಡ ಚಕ್ಕೆ ಎಬ್ಬಿಸಿ ತ್ರಿಕೋನದ ಒಟ್ಟು ಆಕಾರ ತರುತ್ತಾರೆ; ಆ ಹೊಂಡಗಳು ಚಿಪ್ಪಿನಂತೆ ತಗ್ಗಾಗಿ ಉಳಿಯುತ್ತವೆ. ನಂತರ ಗುಂಡುಕಲ್ಲಿನಿಂದ ಏಣುಗಳನ್ನು ಕುಟ್ಟಿ ಕುಟ್ಟಿ ಸಮ ಮಾಡುತ್ತಾರೆ. ಹಳೆಯ ಬೀಸುವ ಕಲ್ಲಿನ ಮೇಲೆ ಉಳಿ ಆಡಿಸಿ ಮತ್ತೆ ಒರಟು ಮಾಡಿದಾಗ ಏಳುವಂಥ ಸಣ್ಣ ಸಣ್ಣ ಗುಳಿಗಳು ಆಗ ಮೈತುಂಬ ಮೂಡುತ್ತವೆ. ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ನೀರು, ಮರಳು ಹಾಕಿ ಉಜ್ಜುತ್ತಾರೆ. ಬಹಳಷ್ಟು ಕೊಡಲಿಗಳಲ್ಲಿ ಬಾಯಿಯ ಭಾಗ ಮಾತ್ರ ಕನ್ನಡಿಯಂತೆ ನಯವಾಗಿದ್ದು, ಹಿಂಬದಿಯ ಚೂಪು ತುದಿಯಲ್ಲಿ ಕುಟ್ಟಿದ ಗುಳಿಗಳೂ ಕೆಲವೊಮ್ಮೆ ಚಕ್ಕೆಯ ಹೊಂಡಗಳೂ ಹಾಗೆಯೇ ಉಳಿದಿರುತ್ತವೆ. ಹಿಡಿಯೊಳಗೆ ಸೇರಿಹೋಗುವ ಭಾಗಕ್ಕೆ ನಯ ಬೇಕಿಲ್ಲವಷ್ಟೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. "ಇದು ಹಿರೇಗುಡ್ಡದ ಕೊಡಲಿ" ಎಂದು ದೂರದ ಊರಿನ ಕೊಡಲಿಯೊಂದಕ್ಕೆ ಹೆಸರು ಹಚ್ಚುವುದು ಅಷ್ಟು ಸುಲಭವಲ್ಲ. ಧಾರವಾಡ ಕ್ರೇಟಾನ್ ಎಂದು ಕರೆಯುವ ಇಲ್ಲಿನ ಪ್ರಾಚೀನ ಶಿಲಾನೆಲದ ಉದ್ದಗಲಕ್ಕೂ ಡಾಲರೈಟ್ ಗೋಡೆಗಳು ನೂರಾರು ಇವೆ. ಸುಮಾರು 237 ಕೋಟಿ, 221 ಕೋಟಿ, 188 ಕೋಟಿ ವರ್ಷಗಳ ಹಿಂದೆ ಹೀಗೆ ಬೇರೆ ಬೇರೆ ಕಾಲಗಳಲ್ಲಿ ಅವು ನುಗ್ಗಿಬಂದವು. ಬರಿಗಣ್ಣಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಡಿ ಖನಿಜಗಳನ್ನು ನೋಡಬೇಕು, ಅಲ್ಪಪ್ರಮಾಣದ ಧಾತುಗಳನ್ನು ಅಳೆಯಬೇಕು. ಇವೆರಡೂ ಇಲ್ಲದೆ ಬಾಣದ ಗುರುತು ಹಾಕಿದ ನಕ್ಷೆ ಬಿಡಿಸುವುದನ್ನು ನಾನು ಒಪ್ಪಲಾರೆ.

ವಾಯವ್ಯ ದಿಕ್ಕು:

ಇಬ್ಬರ ಮಾತುಗಳನ್ನೂ ಗಮನವಿಟ್ಟು ಓದಿದೆ. ಆದರೆ ಸ್ಥಳೀಯತೆಯ ಕಡೆಗೆ ತಕ್ಕಡಿ ತುಸು ಹೆಚ್ಚಾಗಿಯೇ ವಾಲುತ್ತಿದೆ ಎನಿಸುತ್ತದೆ. ಕುರಿ ಮತ್ತು ಮೇಕೆಗಳ ಕಾಡು ಪೂರ್ವಜರು ದಕ್ಷಿಣ ಭಾರತದಲ್ಲಿ ಇರಲಿಲ್ಲ. ಗೋಧಿ, ಜವೆಗೋಧಿಗಳೂ ಇಲ್ಲಿಯವಲ್ಲ. ಇವೆಲ್ಲ ನಮ್ಮ ನವಶಿಲಾಯುಗದ ಊರುಗಳಲ್ಲಿ ಸಿಕ್ಕಿವೆ. ಯಾರೋ ತಂದಿರಲೇಬೇಕು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಕ್ರಿ.ಪೂ. 7000ದ ಸುಮಾರಿಗೇ ಬೇಸಾಯವಿತ್ತು. ಅಲ್ಲಿನ ಜನ ಸಣ್ಣ ಕಲ್ಲಿನ ಅಲಗುಗಳನ್ನು ಶಿಲಾರಾಳದಿಂದ (ಡಾಂಬರಿನಂಥ ನೈಸರ್ಗಿಕ ಅಂಟಿನಿಂದ) ಹಿಡಿಗೆ ಅಂಟಿಸಿ ಕುಡುಗೋಲು ಮಾಡಿಕೊಂಡಿದ್ದರು. ಅಲ್ಲಿಂದ ಕರ್ನಾಟಕದವರೆಗೆ ನಾಲ್ಕು ಸಾವಿರ ವರ್ಷಗಳ ಅಂತರವಿದೆ. ನಿಧಾನವಾಗಿ ಜನ ದಕ್ಷಿಣಕ್ಕೆ ಸರಿಯಲು ಅಷ್ಟು ಕಾಲ ಧಾರಾಳವಾಗಿ ಸಾಕು.

ಕಲ್ಲಿನ ಉಪಕರಣಗಳಲ್ಲಿಯೇ ಸಾಕ್ಷಿ ಬೇಕೆಂದರೆ ಉದ್ದ ಅಲಗುಗಳನ್ನು ನೋಡಿ. ತಿರುಳುಗಲ್ಲಿನ (ಅಲಗುಗಳನ್ನು ಕೀಳುವ ಮೂಲ ಕಲ್ಲಿನ) ಒಂದು ಬದಿಯಲ್ಲಿ ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿ ಏಣು ಮಾಡಿಕೊಂಡು, ಆ ಏಣಿನ ಗುಂಟ ಮೊದಲ ಅಲಗನ್ನು ಕೀಳುವ ತಂತ್ರ ಸಿಂಧೂ ಕಣಿವೆಯಲ್ಲಿ ಪ್ರೌಢಾವಸ್ಥೆಗೆ ಬಂದಿತ್ತು. ಮಹಾರಾಷ್ಟ್ರದ ತಾಮ್ರಶಿಲಾಯುಗದ ನೆಲೆಗಳಲ್ಲಿ ಅದೇ ತಂತ್ರವಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಉದ್ದ ಚರ್ಟ್ ಅಲಗುಗಳೂ ಅದೇ ಜಾಡಿನವು. ಪುರಾತತ್ತ್ವಜ್ಞ ಆಲ್ಚಿನ್ ಅವರು ಇಲ್ಲಿನ ಬೂದುಬಣ್ಣದ ಮಡಕೆಗಳಿಗೂ ಈಶಾನ್ಯ ಇರಾನಿನ ಮಡಕೆಗಳಿಗೂ ಹೋಲಿಕೆಯಿದೆ ಎಂದು ಬರೆದಿದ್ದರು. ಇಷ್ಟೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ವಲಸೆಯನ್ನು ಬದಿಗಿಡುವುದು ಹೇಗೆ?

ಹಗರಿ ತೀರ:

ವಾಯವ್ಯ ಅವರೇ, ನಿಮ್ಮ ಸಾಕ್ಷ್ಯಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವುಗಳ ಪಕ್ಕದಲ್ಲಿ ಕಾಲವನ್ನು ಬರೆದು ನೋಡಿ. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3000ದ ಸುಮಾರಿಗೆ ಆರಂಭವಾಗುತ್ತದೆ. ಆಗಲೇ ದನ, ಕುರಿ, ಮೇಕೆಗಳು ಇವೆ, ಬೂದಿದಿಬ್ಬಗಳು (ಸಗಣಿಯ ರಾಶಿ ಸುಟ್ಟು ಆದ ಬೂದಿಯ ದಿಬ್ಬಗಳು) ಬೆಳೆಯತೊಡಗುತ್ತವೆ. ಗೋಧಿ, ಜವೆಗೋಧಿಗಳು ಕಾಣಿಸಿಕೊಳ್ಳುವುದು ಅದಾದ ಸುಮಾರು ಒಂದು ಸಾವಿರ ವರ್ಷಗಳ ನಂತರ, ಕ್ರಿ.ಪೂ. 1900ರ ಆಸುಪಾಸಿನಲ್ಲಿ; ಅದೂ ಎಲ್ಲ ಊರುಗಳಲ್ಲಿ ಅಲ್ಲ. ನೀವು ಹೇಳುವ ಉದ್ದ ಅಲಗಿನ ತಂತ್ರಕ್ಕೆ ನಿಜವಾದ ಸಂಬಂಧಿಗಳು ಎರಡನೆಯ ಸಹಸ್ರಮಾನದ ದಖ್ಖನ್ನಿನಲ್ಲಿದ್ದಾರೆ. ಇನ್ನು ಹಿರೇಗುಡ್ಡದಲ್ಲಿ ಕೊಡಲಿ ತಯಾರಿಕೆ ಭಾರಿ ಪ್ರಮಾಣಕ್ಕೆ ಏರಿದ್ದು ಕ್ರಿ.ಪೂ. 1400ರ ಈಚೆಗೆ. ಅದಕ್ಕೂ ಮೊದಲು ಕೊಡಲಿಗಳಿದ್ದವು, ಆದರೆ ಅವುಗಳ ತಯಾರಿಕೆ ಸಣ್ಣ ಪ್ರಮಾಣದ್ದು, ಮನೆಮಟ್ಟದ್ದು.

ಹೀಗಿರುವಾಗ ಜಾನುವಾರು ಒಂದು ಕಾಲದಲ್ಲಿ, ಧಾನ್ಯ ಇನ್ನೊಂದು ಕಾಲದಲ್ಲಿ, ಅಲಗಿನ ತಂತ್ರ ಮತ್ತೊಂದು ಕಾಲದಲ್ಲಿ ಬಂದಿವೆ. ಒಂದೇ ಜನಸಮೂಹ ಎಲ್ಲವನ್ನೂ ಹೊತ್ತು ತಂದಿದ್ದರೆ ಈ ಅಂತರ ಇರಬಾರದಿತ್ತು. ಉತ್ತರದ ನೆರೆಹೊರೆಯವರೊಡನೆ ಸಾವಿರಾರು ವರ್ಷಗಳ ಕಾಲ ನಡೆದ ಕೊಡುಕೊಳ್ಳುವಿಕೆ, ಮದುವೆ ಸಂಬಂಧ, ದನಗಾಹಿಗಳ ಓಡಾಟ ಇವು ಈ ಚಿತ್ರಕ್ಕೆ ಹೆಚ್ಚು ಹೊಂದುತ್ತವೆ. ಸಣ್ಣ ಗುಂಪುಗಳು ಬಂದು ಸೇರಿರಲೂಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ನವಶಿಲಾಯುಗದ ಊರುಗಳಲ್ಲಿ ಕೊಡಲಿಗಿಂತ ಹೆಚ್ಚು ಸಂಖ್ಯೆಯಲ್ಲಿ ಸಿಗುವುದು ಸಣ್ಣ ಅಲಗುಗಳು, ಅರ್ಧಚಂದ್ರಾಕೃತಿಯ ತುಂಡುಗಳು, ಬೆನ್ನು ಮೊಂಡಾಗಿಸಿದ ಚೂರುಗಳು. ಇವು ಈ ನೆಲದ ಬೇಟೆಗಾರ–ಸಂಗ್ರಾಹಕರ ಸೂಕ್ಷ್ಮಶಿಲಾ ಪರಂಪರೆಗೆ ಹತ್ತಿರವಾದವು. ಸಂಗನಕಲ್ಲಿನಲ್ಲಿ ನವಶಿಲಾಯುಗದ ಪದರಗಳ ಕೆಳಗೆ ಸೂಕ್ಷ್ಮಶಿಲಾ ಉಪಕರಣಗಳಿದ್ದುದನ್ನು ಸುಬ್ಬರಾವ್ ಅವರೇ ಗುರುತಿಸಿದ್ದರು. ನಡುವೆ ವಸ್ತುಗಳಿಲ್ಲದ ಮಣ್ಣಿನ ಪದರವೊಂದಿದೆ ಎಂಬುದನ್ನು ನೀವು ನೆನಪಿಸುವ ಮೊದಲೇ ನಾನೇ ಹೇಳಿಬಿಡುತ್ತೇನೆ; ಅದು ಆ ಬೆಟ್ಟದ ಮೇಲಿನ ವಾಸ ಕಡಿದದ್ದನ್ನು ತೋರಿಸುತ್ತದೆ, ಇಡೀ ಸೀಮೆಯಲ್ಲಿ ಜನ ಇಲ್ಲವಾದದ್ದನ್ನಲ್ಲ.

ರೈನ್ ದಂಡೆ:

ನಾನು ಜರ್ಮನಿಯಲ್ಲಿ ವಾಸಿಸುತ್ತಿರುವ ಹಾವೇರಿ ಕಡೆಯವನು. ಯುರೋಪಿನ ಉದಾಹರಣೆಗಳನ್ನು ಹೋಲಿಕೆಗಾಗಿ ಇಡುತ್ತೇನೆ, ಏಕೆಂದರೆ ಅಲ್ಲಿ ಪ್ರಾಚೀನ ಡಿಎನ್‌ಎ ದೊರೆತಿರುವುದರಿಂದ ಕಲ್ಲು ಹೇಳಿದ್ದನ್ನು ಬೇರೊಂದು ಸಾಕ್ಷಿಯಿಂದ ಒರೆಗೆ ಹಚ್ಚಬಹುದು.

ಕ್ರಿ.ಪೂ. 5500ರ ಸುಮಾರಿಗೆ ಹಂಗೇರಿಯ ಪಶ್ಚಿಮ ಭಾಗದಿಂದ ಹೊರಟು ಕೆಲವೇ ಶತಮಾನಗಳಲ್ಲಿ ರೈನ್ ನದಿಯವರೆಗೆ ಹರಡಿದ ಮೊದಲ ರೈತರು ಮಡಕೆಗಳ ಮೇಲೆ ಪಟ್ಟೆಯಂಥ ಗೆರೆಗಳನ್ನು ಕೊರೆಯುತ್ತಿದ್ದರು. ಅವರ ಮೂಲ ಅನಟೋಲಿಯಾದ ರೈತರಲ್ಲಿದೆ ಎಂಬುದನ್ನು ಡಿಎನ್‌ಎ ಸ್ಪಷ್ಟವಾಗಿ ತೋರಿಸಿದೆ. ಇಲ್ಲಿ ನಿಜಕ್ಕೂ ಜನರೇ ಸರಿದುಬಂದರು. ಅವರ ಮುಖ್ಯ ಉಪಕರಣ ನಮ್ಮ ಬಡಗಿಗಳ ಬಾಚಿಯ ಜಾತಿಗೆ ಸೇರಿದ ಉದ್ದನೆಯ ಕಲ್ಬಾಚಿ. ಅದರ ಕಲ್ಲು ಆಂಫಿಬೊಲೈಟ್. ಚೆಕ್ ದೇಶದ ಯಿಜೆರಾ ಪರ್ವತಗಳಲ್ಲಿ ಅದರ ಗಣಿಗಳು ಪತ್ತೆಯಾಗಿದ್ದು, ಅಲ್ಲಿಯ ಕಲ್ಲು ಜರ್ಮನಿಯ ಊರುಗಳಿಗೆ ನೂರಾರು ಕಿಲೋಮೀಟರ್ ದಾಟಿ ಬಂದಿದೆ.

ಕುತೂಹಲದ ಸಂಗತಿ ಮುಂದಿದೆ. ಇದೇ ರೈತರ ಬಾಣದ ಮೊನೆಗಳನ್ನು ನೋಡಿದರೆ, ಅದರಲ್ಲಿಯೂ ಪಶ್ಚಿಮದ ಊರುಗಳಲ್ಲಿ, ಅವು ಆಯಾ ಸೀಮೆಯ ಹಳೆಯ ಬೇಟೆಗಾರರ ಮೊನೆಗಳನ್ನು ಹೋಲುತ್ತವೆ. ಅಂದರೆ ವಲಸೆ ಖಚಿತವಾಗಿರುವ ಕಡೆಯಲ್ಲಿಯೂ ಒಂದು ಉಪಕರಣ ಹೊರಗಿನ ಕಥೆಯನ್ನೂ ಇನ್ನೊಂದು ಒಳಗಿನ ಕಥೆಯನ್ನೂ ಹೇಳುತ್ತದೆ. ಬಾಚಿಯನ್ನಷ್ಟೇ ನೋಡಿದವನು ಬೇಟೆಗಾರರನ್ನು ಕಾಣುವುದಿಲ್ಲ, ಮೊನೆಯನ್ನಷ್ಟೇ ನೋಡಿದವನು ವಲಸಿಗರನ್ನು ಕಾಣುವುದಿಲ್ಲ. ಹಗರಿ ತೀರ ಅವರು ಅರ್ಧಚಂದ್ರಾಕೃತಿಯ ಅಲಗುಗಳ ಮೇಲೆ ಹೊರಿಸುತ್ತಿರುವ ಭಾರವನ್ನು ಈ ಕಾರಣದಿಂದ ಸ್ವಲ್ಪ ಇಳಿಸಬೇಕು ಎಂದು ನನಗೆ ತೋರುತ್ತದೆ.

ಜನರ ಚಲನೆಯನ್ನು ಕಲ್ಲೇ ಖಚಿತವಾಗಿ ಹೇಳಿದ ಉದಾಹರಣೆ ಬೇಕೆಂದರೆ ಸೈಪ್ರಸ್ ದ್ವೀಪಕ್ಕೆ ಬನ್ನಿ. ಅಲ್ಲಿ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜು ಸಿಗುವುದೇ ಇಲ್ಲ. ಆದರೂ ಕ್ರಿ.ಪೂ. ಒಂಬತ್ತನೆಯ ಸಹಸ್ರಮಾನದ ಶಿಲ್ಲೂರೊಕಾಂಬೊಸ್ ನೆಲೆಯಲ್ಲಿ ಮಧ್ಯ ಅನಟೋಲಿಯಾದ ಅಬ್ಸಿಡಿಯನ್ ಅಲಗುಗಳಿವೆ. ಅದಕ್ಕಿಂತ ಮುಖ್ಯವಾಗಿ, ದ್ವೀಪದ ಚರ್ಟನ್ನೇ ಬಳಸಿ, ದೋಣಿಯಾಕಾರದ ತಿರುಳುಗಲ್ಲಿನ ಎರಡೂ ತುದಿಗಳಿಂದ ಅಲಗು ಕೀಳುವ ಮುಖ್ಯಭೂಮಿಯ ತಂತ್ರವನ್ನು ಅಲ್ಲಿ ಅನುಸರಿಸಿದ್ದಾರೆ. ಗಾಜಿನ ಅಲಗನ್ನು ನಾವಿಕನೊಬ್ಬ ಚೀಲದಲ್ಲಿ ಹಾಕಿಕೊಂಡು ತಂದಿರಬಹುದು; ಆ ತಂತ್ರವನ್ನು ಹಾಗೆ ತರಲಾಗುವುದಿಲ್ಲ. ಬಲ್ಲವನ ಎದುರು ಬಹುಕಾಲ ಕುಳಿತು ಕಲಿತ ಕೈಗಳೇ ಸಮುದ್ರ ದಾಟಿರಬೇಕು. ಜೊತೆಯಲ್ಲಿ ದ್ವೀಪದಲ್ಲಿಲ್ಲದ ಪ್ರಾಣಿಗಳನ್ನೂ ಧಾನ್ಯಗಳನ್ನೂ ಅವರು ದೋಣಿಯಲ್ಲಿ ತಂದಿದ್ದರು.

ಕಪ್ಪುಶಿಲೆ:

ರೈನ್ ದಂಡೆಯವರು ಅಬ್ಸಿಡಿಯನ್ ಪ್ರಸ್ತಾಪಿಸಿದ್ದು ಒಳ್ಳೆಯದಾಯಿತು. 1960ರ ದಶಕದಲ್ಲಿ ಕಾಲಿನ್ ರೆನ್‌ಫ್ರೂ ಮತ್ತು ಅವರ ಸಹೋದ್ಯೋಗಿಗಳು ಅದರ ಅಲ್ಪಧಾತುಗಳನ್ನು ಅಳೆದು ಯಾವ ಜ್ವಾಲಾಮುಖಿಯ ಗಾಜು ಯಾವ ಊರಿಗೆ ಹೋಯಿತು ಎಂದು ತೋರಿಸಿದರು. ಮೂಲದಿಂದ ಸುಮಾರು 300 ಕಿಲೋಮೀಟರ್ ಒಳಗಿನ ಊರುಗಳಲ್ಲಿ ಒಡೆದ ಕಲ್ಲಿನ ಉಪಕರಣಗಳ ಬಹುಪಾಲು ಅಬ್ಸಿಡಿಯನ್ನೇ. ಅದರಾಚೆ ಪ್ರಮಾಣ ಥಟ್ಟನೆ ಇಳಿಯುತ್ತದೆ. ಊರಿನಿಂದ ಊರಿಗೆ ಕೈ ಬದಲಾಯಿಸುತ್ತ ಹೋದ ವಸ್ತುವಿಗೆ ಇಂಥ ಇಳಿಕೆ ಸಹಜ. ಪ್ರತಿ ಊರೂ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕೊಡುತ್ತದೆ.

ಅಬ್ಸಿಡಿಯನ್ನಿನ ಅನುಕೂಲವೆಂದರೆ ಅದರ ಮೂಲಗಳು ಬೆರಳೆಣಿಕೆಯಷ್ಟು, ಒಂದೊಂದರ ರಸಾಯನವೂ ಬೇರೆ. ನಮ್ಮ ಡಾಲರೈಟಿಗೆ ಆ ಭಾಗ್ಯವಿಲ್ಲ.

ಕೊರಲೆ ಹೊಲ:

ಚರ್ಚೆಯೆಲ್ಲ ಕೊಡಲಿ ಮತ್ತು ಬಾಣದ ಸುತ್ತ ತಿರುಗುತ್ತಿದೆ. ಮನೆಯೊಳಗೆ ದಿನವೂ ಬಳಕೆಯಾದ ಕಲ್ಲುಗಳನ್ನು ಯಾರೂ ಮುಟ್ಟಿಲ್ಲ. ಸಂಗನಕಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ, ಬ್ರಹ್ಮಗಿರಿ ಯಾವ ನೆಲೆಯ ವರದಿ ತೆರೆದರೂ ಅರೆಯುವ ಕಲ್ಲು, ಉಜ್ಜುವ ಗುಂಡು, ಬಂಡೆಯ ಮೇಲೆ ಸವೆದ ಗುಳಿಗಳ ಪಟ್ಟಿ ಇದ್ದೇ ಇರುತ್ತದೆ. ಕೊಡಲಿಯನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತು ಹರದಾರಿ ಹೋಗಬಹುದು. ಅರೆಯುವ ಬಂಡೆಯನ್ನು ಯಾರೂ ಹೊತ್ತೊಯ್ಯುವುದಿಲ್ಲ. ಬೆಟ್ಟದ ಬಂಡೆಯಲ್ಲೇ ಸವೆದ ಗುಳಿಯಂತೂ ಮೂರೂವರೆ ಸಾವಿರ ವರ್ಷಗಳಿಂದ ಇದ್ದಲ್ಲಿಯೇ ಇದೆ. ಯಾವ ಊಟ ಎಲ್ಲಿ ಬೇರುಬಿಟ್ಟಿತು ಎಂದು ತಿಳಿಯಲು ಇದಕ್ಕಿಂತ ನಂಬಿಕಸ್ಥ ಸಾಕ್ಷಿ ನನಗೆ ತೋಚುವುದಿಲ್ಲ.

ಈ ಕಲ್ಲುಗಳಿದ್ದ ಊರುಗಳ ಬೂದಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಬೇರ್ಪಡಿಸಿದಾಗ ಮುಖ್ಯವಾಗಿ ಸಿಕ್ಕಿದ್ದು ಕೊರಲೆ ಎಂಬ ಕಿರುಧಾನ್ಯ, ಅದರ ಜೊತೆಗೆ ನವಣೆಯ ಕುಲದ ಒಂದು ಕಾಡುಜಾತಿಯ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಫುಲ್ಲರ್ ಮತ್ತು ಕೋರಿಶೆಟ್ಟರ್ ಅವರ ತಂಡದ ಈ ಕೆಲಸ ದಕ್ಷಿಣದ ಬೇಸಾಯದ ಚಿತ್ರವನ್ನೇ ಬದಲಿಸಿತು. ಇವು ಪರ್ಯಾಯ ದ್ವೀಪದ ಒಣಭೂಮಿಯ ಮಳೆಗಾಲದ ಬೆಳೆಗಳು, ಸಿಂಧೂ ಬಯಲಿನ ಚಳಿಗಾಲದ ಬೆಳೆಗಳಲ್ಲ. ಗೋಧಿಯನ್ನು ಆಮೇಲೆ ಸೇರಿಸಿಕೊಂಡರು ನಿಜ, ಆದರೆ ಅದು ಅಷ್ಟಾಗಿ ನೆಲೆಯೂರಲಿಲ್ಲ. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆ ಇಂದಿಗೂ ಬಿತ್ತುತ್ತಾರೆ. ಅದರ ಸಿಪ್ಪೆ ಬಿಡಿಸುವುದು ಎಂಥ ತಾಳ್ಮೆಯ ಕೆಲಸ ಎಂದು ಬಲ್ಲವರಿಗೆ ಅಷ್ಟೊಂದು ಗುಳಿಗಳು ಏಕೆ ಬೇಕಾಗಿದ್ದವು ಎಂದು ಬಿಡಿಸಿ ಹೇಳಬೇಕಿಲ್ಲ.

ಆದುದರಿಂದ ವಾಯವ್ಯ ದಿಕ್ಕಿನವರಿಗೆ ನನ್ನ ಪ್ರಶ್ನೆ ಇದು: ಬೇಸಾಯ ಬಲ್ಲ ಜನ ವಾಯವ್ಯದಿಂದ ಬಂದು ನೆಲೆಸಿದ್ದರೆ, ಅವರ ಮೊದಲ ಹೊಲದಲ್ಲಿ ಅವರ ಧಾನ್ಯವೇ ಏಕಿಲ್ಲ?

ವಾಯವ್ಯ ದಿಕ್ಕು:

ಕೊರಲೆ ಹೊಲ ಅವರೇ, ಅವರು ದನಗಾಹಿಗಳಾಗಿದ್ದರೆ ಧಾನ್ಯದ ಅಗತ್ಯವೇ ಇರಲಿಲ್ಲವಲ್ಲ. ಕುರಿ, ಮೇಕೆಗಳೊಂದಿಗೆ ಬಂದವರು ಇಲ್ಲಿನ ಬೇಟೆಗಾರರಿಂದ ಇಲ್ಲಿನ ಹುಲ್ಲುಕಾಳುಗಳನ್ನು ಕಲಿತರು ಎನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬೂದಿದಿಬ್ಬಗಳು ಸಗಣಿಯ ರಾಶಿ ಸುಟ್ಟು ಆದವು ಎಂಬುದು ಝಾಯ್ನರ್ ಮತ್ತು ಆಲ್ಚಿನ್ ಅವರ ಕಾಲದಿಂದಲೇ ಸಿದ್ಧವಾಗಿದೆ. ಆ ಜನರ ಬದುಕಿನ ನಡುಗಂಬ ದನವೇ ಆಗಿತ್ತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯ ಅವರು ಪ್ರಾಣಿಗಳನ್ನು ಕೊಯ್ದ ನೆಲವನ್ನೇ ಬಯಲು ಮಾಡಿದ್ದಾರೆ. ಅಲ್ಲಿ ಎಲುಬುಗಳ ಜೊತೆ ಚರ್ಟ್ ಉಪಕರಣಗಳು ರಾಶಿಯಾಗಿ ಸಿಕ್ಕಿವೆ.

ಆದರೆ ಒಂದೇ ಅಲೆಯ ವಲಸೆ ಎಂಬ ಕಲ್ಪನೆ ಕಾಲಗಣನೆಗೆ ಹೊಂದುವುದಿಲ್ಲ ಎಂಬ ಮಾತಿಗೆ ನನ್ನ ತಕರಾರಿಲ್ಲ.

ಅಡವಿ ಓದು:

ಹಾಗಾದರೆ ಮೂಲ ದ್ರಾವಿಡ ಭಾಷೆಯನ್ನಾಡುತ್ತಿದ್ದವರೇ ಈ ಕೊಡಲಿಗಳನ್ನು ಮಾಡಿದರು ಎಂದು ಹೇಳಬಹುದೇ?

ಹಗರಿ ತೀರ:

ಬೆಳೆಗಳ ಹೆಸರುಗಳನ್ನು ಆಧರಿಸಿ ಭಾಷಾವಿಜ್ಞಾನಿ ಸೌತ್‌ವರ್ತ್ ಮತ್ತು ಫುಲ್ಲರ್ ಅಂಥ ಸಾಧ್ಯತೆಯನ್ನು ಮುಂದಿಟ್ಟಿದ್ದಾರೆ. ಆದರೆ ಆ ವಾದ ನಿಂತಿರುವುದು ಹುರುಳಿ, ಹೆಸರುಗಳಂಥ ಬೆಳೆಗಳ ಮೇಲೆ. ಕೊಡಲಿಯಿಂದ ಭಾಷೆ ಹೇಳಲು ಬರುವುದಿಲ್ಲ. ಈ ಎಳೆಯಲ್ಲಿ ಕಲ್ಲಿನ ಬಳಿಯೇ ಇರೋಣ.

ಬ್ರಹ್ಮಪುತ್ರ:

ಕೊಡಲಿಯ ಆಕಾರದಿಂದ ಹರಡುವಿಕೆಯನ್ನು ಓದುವ ಪ್ರಯತ್ನಕ್ಕೆ ನಮ್ಮ ದೇಶದಲ್ಲಿಯೇ ಒಂದು ಹಳೆಯ ಇತಿಹಾಸವಿದೆ. ಅದನ್ನು ನೆನೆಯದೆ ಈ ಚರ್ಚೆ ಪೂರ್ಣವಾಗದು.

ಅಸ್ಸಾಂ ಮತ್ತು ಈಶಾನ್ಯದ ಗುಡ್ಡಗಳಲ್ಲಿ ಹೆಗಲುಳ್ಳ ಕೊಡಲಿಗಳು ಸಿಗುತ್ತವೆ. ಹಿಡಿ ಸೇರಿಸಲು ಮೇಲ್ಭಾಗವನ್ನು ಎರಡೂ ಬದಿಯಿಂದ ಕಡಿದು ಕಿರಿದಾಗಿಸಿರುತ್ತಾರೆ. ಕೆಳಗೆ ಅಗಲವಾದ ಅಲಗು ಉಳಿಯುತ್ತದೆ. ದಾವ್‌ಜಾಲಿ ಹಾಡಿಂಗ್ ನೆಲೆಯಲ್ಲಿ ಇಂಥ ಕೊಡಲಿಗಳ ಜೊತೆ ಹುರಿಯ ಅಚ್ಚೊತ್ತಿದ ಮಡಕೆಗಳೂ ಜೇಡೈಟ್ ಎಂಬ ಹಸಿರು ಕಲ್ಲೂ ದೊರೆತಿವೆ. ಇದೇ ಬಗೆಯ ಕೊಡಲಿ, ಇದೇ ಬಗೆಯ ಮಡಕೆ ಆಗ್ನೇಯ ಏಷ್ಯಾದಲ್ಲಿಯೂ ದಕ್ಷಿಣ ಚೀನಾದಲ್ಲಿಯೂ ಇವೆ. ಈ ನಂಟು ನಿಜವಾದದ್ದು. ಆದರೆ ಇದನ್ನು ಹಿಡಿದುಕೊಂಡು 1940ರ ದಶಕದಲ್ಲಿ ವರ್ಮನ್ ಅವರಂಥ ವಿದ್ವಾಂಸರು ಭಾರತದ ನಯಗೊಳಿಸಿದ ಕೊಡಲಿಗಳೆಲ್ಲ ಪೂರ್ವದಿಂದಲೇ ಬಂದವು ಎಂಬಷ್ಟು ದೂರ ಹೋದರು. ಕರ್ನಾಟಕದ ಕೊಡಲಿ ಹೆಗಲಿಲ್ಲದ್ದು, ಹಿಂಬದಿ ಚೂಪಾದದ್ದು, ಅಡ್ಡಕೊಯ್ತದಲ್ಲಿ ಅಂಡಾಕಾರದ್ದು. ಎರಡಕ್ಕೂ ಸಾಮಾನ್ಯವಾದದ್ದು ಉಜ್ಜಿ ನಯಗೊಳಿಸಿದ ಮೈ ಮಾತ್ರ, ಮತ್ತು ಆ ಉಪಾಯ ಲೋಕದ ಹಲವೆಡೆ ಬೇರೆ ಬೇರೆಯಾಗಿಯೇ ಹುಟ್ಟಿದೆ. ಆಸ್ಟ್ರೇಲಿಯಾದಲ್ಲಿ ಬೇಸಾಯದ ಸುಳಿವೇ ಇಲ್ಲದ ಕಾಲದಲ್ಲಿ, ಹತ್ತಾರು ಸಾವಿರ ವರ್ಷಗಳ ಹಿಂದೆಯೇ, ಅಂಚು ಉಜ್ಜಿದ ಕೊಡಲಿಗಳಿದ್ದವು.

ಕಾಶ್ಮೀರದ ಬುರ್ಜಹೋಮ್ ಮತ್ತೊಂದು ಬಗೆ. ಅಲ್ಲಿ ತೂತುಳ್ಳ ಚಪ್ಪಟೆ ಕಲ್ಲಿನ ಕೊಯ್ಯುವ ಚೂರಿಗಳಿವೆ. ಅವುಗಳ ಹತ್ತಿರದ ಸಂಬಂಧಿಗಳು ಉತ್ತರ ಚೀನಾದಲ್ಲಿವೆ, ದಖ್ಖನ್ನಿನಲ್ಲಿ ಅಲ್ಲ. ಹೀಗೆ ಒಂದೇ ದೇಶದೊಳಗೆ ಕನಿಷ್ಠ ಮೂರು ನವಶಿಲಾಯುಗಗಳು ಮೂರು ಬೇರೆ ದಿಕ್ಕಿನ ನೆರೆಯವರೊಡನೆ ಮಾತಾಡುತ್ತಿದ್ದವು. ಇವನ್ನೆಲ್ಲ ಒಂದೇ ನದಿಯ ಕವಲುಗಳಂತೆ ಬರೆಯುವ ಪಠ್ಯಪುಸ್ತಕಗಳ ಮೇಲೆ ನನಗೆ ನಿಜಕ್ಕೂ ಬೇಸರವಿದೆ.

ಕಾಲದ ವಿಷಯದಲ್ಲಿ ಇನ್ನೊಂದು ಮಾತು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆದ ಮಾರ್ಟಿಮರ್ ವೀಲರ್ ಅಲ್ಲಿನ ಕಲ್ಗೊಡಲಿ ಸಂಸ್ಕೃತಿಯನ್ನು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭಕ್ಕೆ ಹಾಕಿ, ಅದು ಕ್ರಿ.ಪೂ. ಎರಡನೆಯ ಶತಮಾನದವರೆಗೂ ನಡೆಯಿತು ಎಂದಿದ್ದರು. ರೇಡಿಯೋ ಇಂಗಾಲ ಕಾಲಗಣನೆ ಬಂದ ಮೇಲೆ ಉತ್ನೂರಿನಂಥ ನೆಲೆಗಳು ನೇರವಾಗಿ ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿದವು. ವೀಲರ್ ಅವರ ಕಾಲವನ್ನು ನಂಬಿದರೆ ಕೊಡಲಿ ಯಾವ ದಿಕ್ಕಿನಿಂದಲಾದರೂ ಬರಲು ಬೇಕಾದಷ್ಟು ಸಮಯವಿತ್ತು. ಕಾಲ ಹಿಂದೆ ಸರಿದೊಡನೆ ಹರಡುವಿಕೆಯ ಎಷ್ಟೋ ಸಿದ್ಧಾಂತಗಳು ಹೇಳದೆ ಕೇಳದೆ ಬಿದ್ದುಹೋದವು.

ಸಿರುಗುಪ್ಪ ರಸ್ತೆ:

ನಮ್ಮ ಕಡೆ ಹೊಲ ಉಳುವಾಗ ಇಂಥ ಕಪ್ಪು ಕಲ್ಲುಗಳು ಆಗಾಗ ಸಿಗುತ್ತವೆ. ಕೆಲವರು ಮನೆಗೆ ತಂದಿಡುತ್ತಾರೆ, ಕೆಲವರು ಗುಡಿಯ ಕಟ್ಟೆಯ ಮೇಲೆ ಇಡುತ್ತಾರೆ. ಅದು ಕೊಡಲಿಯೋ ಬರೀ ಕಲ್ಲೋ ಎಂದು ತಿಳಿಯುವುದು ಹೇಗೆ? ಸಿಕ್ಕರೆ ಏನು ಮಾಡಬೇಕು? ಇನ್ನೊಂದು ಸಂಶಯ: ಅಷ್ಟೊಂದು ಕೊಡಲಿ ಮಾಡುತ್ತಿದ್ದ ಹಿರೇಗುಡ್ಡದ ಕೆಲಸ ಏಕೆ ನಿಂತುಹೋಯಿತು?

ಕಪ್ಪುಶಿಲೆ:

ಮೊದಲ ಪ್ರಶ್ನೆಗೆ: ಅಗಲವಾದ ತುದಿಯ ಮೇಲೆ ಬೆರಳಾಡಿಸಿ ನೋಡಿ. ಎರಡು ಮುಖಗಳು ಸಮನಾಗಿ ಇಳಿದು ಒಂದು ಗೆರೆಯಲ್ಲಿ ಕೂಡಿದ್ದರೆ, ಮತ್ತು ಬೆಳಕಿಗೆ ಓರೆಯಾಗಿ ಹಿಡಿದಾಗ ಅಲ್ಲಿ ಒಂದೇ ದಿಕ್ಕಿಗೆ ಸಾಗುವ ನವಿರಾದ ಗೀರುಗಳು ಕಂಡರೆ, ಅದು ಉಜ್ಜಿದ ಅಂಚು. ಹಳ್ಳದ ನೀರಿನಲ್ಲಿ ಉರುಳಿ ನಯವಾದ ಕಲ್ಲಿಗೆ ಎಲ್ಲ ಕಡೆಯೂ ಒಂದೇ ನಯವಿರುತ್ತದೆ, ಗೀರುಗಳಿಗೆ ದಿಕ್ಕಿರುವುದಿಲ್ಲ.

ಎರಡನೆಯದಕ್ಕೆ: ಸಾಧ್ಯವಾದ ಮಟ್ಟಿಗೆ ತೆಗೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಜಾಗವನ್ನು ಗುರುತು ಹಾಕಿಕೊಂಡು, ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸಿ. ಗುಡಿಯ ಕಟ್ಟೆಗೆ ಬಂದ ಕೊಡಲಿ ಎಷ್ಟೇ ಚೆಂದವಾಗಿದ್ದರೂ ಅದು ಎಲ್ಲಿಂದ ಬಂತು ಎಂಬ ಮಾಹಿತಿ ಹೋಗಿಬಿಟ್ಟಿರುತ್ತದೆ. ಈ ಎಳೆಯ ಪ್ರಶ್ನೆಗಂತೂ ಅಂಥ ಕೊಡಲಿ ಉಪಯೋಗಕ್ಕೆ ಬಾರದು. ಹೋಲಿಸಿ ನೋಡಬೇಕೆಂದರೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ.

ಹಗರಿ ತೀರ:

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕ್ರಿ.ಪೂ. 1200ರ ಸುಮಾರಿಗೆ ಬೆಟ್ಟದ ಮೇಲಿನ ಊರುಗಳನ್ನು ಜನ ತೊರೆಯತೊಡಗುತ್ತಾರೆ. ಮುಂದಿನ ಶತಮಾನಗಳಲ್ಲಿ ಕಬ್ಬಿಣ ಬರುತ್ತದೆ, ಬೃಹತ್ ಶಿಲಾ ಸಮಾಧಿಗಳು ಏಳುತ್ತವೆ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಈ ಬದಲಾವಣೆಯನ್ನು ಪದರಪದರವಾಗಿ ನೋಡಬಹುದು. ಆದ್ದರಿಂದ ಹಿರೇಗುಡ್ಡದ ಭಾರಿ ತಯಾರಿಕೆಯನ್ನು ನವಶಿಲಾಯುಗ ಹರಡಿದ ಕಾಲದ ಗುರುತು ಎಂದು ಓದುವುದು ಸರಿಯಲ್ಲ. ಅದು ನವಶಿಲಾಯುಗ ಎಲ್ಲೆಡೆ ಹರಡಿ, ಊರುಗಳು ತುಂಬಿ, ಒಬ್ಬರು ಮಾಡಿ ಹಲವರು ಬಳಸುವ ವ್ಯವಸ್ಥೆ ಬೆಳೆದ ಕೊನೆಯ ಹಂತದ್ದು. ಹಿರೇಗುಡ್ಡದಲ್ಲಿ ಕಲ್ಲುಗಳನ್ನು ಸುತ್ತ ಜೋಡಿಸಿದ ಒಂದು ಆವರಣದೊಳಗೆ ಚಕ್ಕೆಗಳು ದಟ್ಟವಾಗಿ ಸಿಕ್ಕಿದ್ದು, ಆ ಹೊತ್ತಿಗೆ ಈ ಕೆಲಸ ಪ್ರತಿ ಮನೆಯ ಅಂಗಳದಿಂದ ನುರಿತ ಕೆಲವರ ಕೈಗೆ ಹೋಗಿತ್ತು ಎಂಬುದನ್ನು ಸೂಚಿಸುತ್ತದೆ.

ಕಪ್ಪುಶಿಲೆ ಅವರ ರಾಸಾಯನಿಕ ಪರೀಕ್ಷೆ ದುಬಾರಿಯಾದದ್ದು, ಮ್ಯೂಸಿಯಮ್ಮಿನ ಕೊಡಲಿಯಿಂದ ತೆಳುಪದರ ಕೊಯ್ಯಲು ಅನುಮತಿಯೂ ಸುಲಭವಾಗಿ ಸಿಗುವುದಿಲ್ಲ. ಅದು ಆಗುವವರೆಗೆ ಅಳತೆಪಟ್ಟಿಯಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಬಾಯಿ ಮೊಂಡಾದ ಕೊಡಲಿಯನ್ನು ಮತ್ತೆ ಉಜ್ಜಿದಾಗಲೆಲ್ಲ ಅದರ ಉದ್ದ ಕಡಿಮೆಯಾಗುತ್ತದೆ, ಬಾಯಿಯ ಕೋನ ದಪ್ಪವಾಗುತ್ತದೆ. ಕಲ್ಲು ಕೈಗೆಟಕುವ ಊರಿನವರು ಮೋಟಾದದ್ದನ್ನು ಎಸೆದು ಹೊಸದನ್ನು ತರುತ್ತಾರೆ. ದೂರದವರು ಮುಷ್ಟಿಯಷ್ಟಾಗುವವರೆಗೂ ಉಜ್ಜುತ್ತಲೇ ಇರುತ್ತಾರೆ. ಆದ್ದರಿಂದ ಡಾಲರೈಟ್ ಗೋಡೆಗಳ ಹತ್ತಿರದ ಊರುಗಳ ಕೊಡಲಿಗಳನ್ನೂ ಅಂಥ ಗೋಡೆಗಳಿಲ್ಲದ ಭೀಮಾ ಸೀಮೆಯ ಸುಣ್ಣಕಲ್ಲಿನ ನೆಲದ ಊರುಗಳ ಕೊಡಲಿಗಳನ್ನೂ ತೆಗೆದುಕೊಂಡು ಉದ್ದ, ತೂಕ, ಬಾಯಿಯ ಕೋನ ಈ ಮೂರನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಜೊತೆಗೆ ಚಕ್ಕೆಗಳನ್ನೂ ಎಣಿಸಬೇಕು. ಕೊಡಲಿಗಳು ಬಹಳವಿದ್ದು ಡಾಲರೈಟ್ ಚಕ್ಕೆಗಳೇ ಇಲ್ಲದ ಊರು ಸಿದ್ಧ ಕೊಡಲಿಯನ್ನು ಕೊಂಡ ಊರು. ಚಕ್ಕೆಗಳೂ ಇರುವ ಊರು ಕಲ್ಲನ್ನು ತಂದು ತಾನೇ ಮಾಡಿಕೊಂಡ ಊರು. ಹಳೆಯ ಉತ್ಖನನಗಳಲ್ಲಿ ಚಕ್ಕೆಗಳನ್ನು ಎಷ್ಟೋ ವೇಳೆ ಮಣ್ಣಿನ ರಾಶಿಯ ಜೊತೆಗೇ ಎಸೆದಿರುವುದರಿಂದ ಈ ಎಣಿಕೆಗೆ ಹೊಸದಾಗಿ ಜರಡಿ ಹಿಡಿದ ನೆಲೆಗಳನ್ನೇ ಆರಿಸಿಕೊಳ್ಳಬೇಕಾಗುತ್ತದೆ.